ಹೊಗೆ ಇಲ್ಲದ ಊರು

ಒಗ್ಗರಣೆ ಹದಕ್ಕೆ ಬಂತೆಂದು ನಮ್ಮ ಕನ್ನಡಿಗರ ಮನೆಗಳಲ್ಲಿ ಮೊದಲು ಗೊತ್ತಾಗುವುದು ಅಡಿಗೆ ಮಾಡುವವರಿಗಲ್ಲ, ಸೂರಿನಲ್ಲಿ ಕೂತಿರುವ ಸ್ಮೋಕ್ ಅಲಾರಂಗೆ. ಸಾಸಿವೆ ಚಟಪಟ ಎನ್ನುವ ಮೊದಲೇ ಅದು ಕಿರುಚಲು ಶುರು. ಮಕ್ಕಳು ಕಿಟಕಿ ತೆಗೆಯಲು ಓಡುತ್ತಾರೆ, ಯಜಮಾನರು ಕುರ್ಚಿ ಹತ್ತಿ ಟವೆಲ್ ಬೀಸುತ್ತಾರೆ, ಅಡಿಗೆಮನೆಯಿಂದ "ಏನೂ ಆಗಿಲ್ಲ, ಮೆಣಸಿನಕಾಯಿ ಅಷ್ಟೇ" ಎಂಬ ಕೂಗು ಕೇಳಿಸುತ್ತದೆ. ಈ ದೃಶ್ಯ ಕಾಣದ ಮನೆ ನಮ್ಮ ಕೂಟದಲ್ಲಿ ಒಂದೂ ಇರಲಾರದು.

ಮೊನ್ನೆಯ ಪಾಟ್‌ಲಕ್ಕಿನಲ್ಲಿ ನಮ್ಮ ಮನೆಯಲ್ಲೂ ಇದೇ ಆಯಿತು. ದಾವಣಗೆರೆಯವರಾದ ನಾವು ಮಂಡಕ್ಕಿ ಒಗ್ಗರಣೆ ಬಿಟ್ಟು ಬೇರೇನು ಮಾಡೇವು? ಕುರ್ಚಿಯ ಮೇಲೆ ನಿಂತು ಟವೆಲ್ ಬೀಸುತ್ತಿದ್ದ ನಮ್ಮನ್ನು ನೋಡಿ ಸಂಪಾದಕರು, "ಡಾಕ್ಟ್ರೇ, ಹೊಗೆಯ ಮೇಲೊಂದು ಲೇಖನ ಬರೆದುಕೊಡಿ, ಈ ಸಲ ಪುಟ ಖಾಲಿ ಇದೆ" ಎಂದರು. ಅವರು ಅಂದದ್ದು ತಮಾಷೆಗೆ. ಆದರೆ ಹೊಗೆಯ ವಿಷಯದಲ್ಲಿ ನಾವು ಹೇಳಬೇಕಾದದ್ದು ಒಂದಿದೆ. ಅದರಲ್ಲಿ ನಮ್ಮದೇ ತಪ್ಪೊಂದು ಸೇರಿಕೊಂಡಿರುವುದರಿಂದ ಇಷ್ಟು ದಿನ ಹೇಳಿರಲಿಲ್ಲ.

ನಾವು ಸ್ಯಾನ್ ಹೋಸೆಯ ಅಪಾರ್ಟ್‌ಮೆಂಟ್ ಬಿಟ್ಟು ಮಾರ್ಗನ್ ಹಿಲ್ ಸೇರಿ ಇಪ್ಪತ್ತು ವರ್ಷಗಳಾಗುತ್ತಾ ಬಂತು. ಬರಲು ಎರಡು ಕಾರಣ. ಒಂದು ಮನೆಯ ಬೆಲೆ, ಇನ್ನೊಂದು ಗಾಳಿ. ಪಶ್ಚಿಮಕ್ಕೆ ಸ್ಯಾಂಟಾ ಕ್ರೂಸ್ ಬೆಟ್ಟಸಾಲು, ಪೂರ್ವಕ್ಕೆ ಡಯಾಬ್ಲೋ ಬೆಟ್ಟಸಾಲು, ನಡುವೆ ದ್ರಾಕ್ಷಿತೋಟಗಳು, ಊರ ಬೆನ್ನಿಗೆ ಎಲ್ ಟೋರೊ ಗುಡ್ಡ. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ನಮ್ಮ ಮಲೆನಾಡಿನ ಅಂಚಿನ ಯಾವುದೋ ಊರಿಗೆ ಬಂದಂತೆ. "ಇನ್ನೊಂದಿಷ್ಟು ಮುಂದೆ ಹೋದರೆ ಗಿಲ್‌ರಾಯ್‌ನ ಬೆಳ್ಳುಳ್ಳಿ ಹೊಲದಲ್ಲೇ ಮನೆ ಕಟ್ಟಬಹುದಿತ್ತು" ಎಂದು ಸ್ನೇಹಿತರು ನಕ್ಕರು. ನಕ್ಕರೆ ನಗಲಿ, ನಮ್ಮ ಮಕ್ಕಳು ಒಳ್ಳೆ ಗಾಳಿ ಕುಡಿದು ಬೆಳೆಯುತ್ತಾರೆ ಎಂಬ ಹೆಮ್ಮೆ ನಮಗಿತ್ತು.

ಆ ಹೆಮ್ಮೆ ಮೊದಲ ಬೇಸಿಗೆಯಲ್ಲೇ ಸ್ವಲ್ಪ ಮುಕ್ಕಾಯಿತು. ಮಧ್ಯಾಹ್ನ ಮೂರು, ನಾಲ್ಕು ಗಂಟೆಯ ಹೊತ್ತಿಗೆ ಪೂರ್ವದ ಬೆಟ್ಟಗಳು ಕಂದು ಬಣ್ಣಕ್ಕೆ ತಿರುಗಿ ಮಸುಕಾಗುತ್ತಿದ್ದವು. ಸಾಕರ್ ಆಡಿ ಬಂದ ಮಗ ಎದೆ ಉರಿಯುತ್ತದೆ ಎನ್ನುತ್ತಿದ್ದ. ವಿಚಾರಿಸಿದಾಗ ತಿಳಿದದ್ದೇನೆಂದರೆ, ಬೇಸಿಗೆಯ ಓಝೋನಿನ ಮಟ್ಟಿಗೆ ಬೇ ಏರಿಯಾದಲ್ಲಿ ಹೆಚ್ಚು ತೊಂದರೆಯ ಜಾಗಗಳೆಂದರೆ ಒಂದು ಲಿವರ್‌ಮೋರ್ ಕಡೆ, ಇನ್ನೊಂದು ನಮ್ಮ ಪಕ್ಕದ ಸ್ಯಾನ್ ಮಾರ್ಟಿನ್ ಕಡೆ. ಕಾರ್ಖಾನೆ ಇಲ್ಲದ, ದ್ರಾಕ್ಷಿ ಬೆಳೆಯುವ ಊರಿಗೆ ಇದು ಎಲ್ಲಿಂದ ಬಂತು?

ಇದನ್ನು ಅಡಿಗೆಮನೆಯ ಲೆಕ್ಕದಲ್ಲಿ ಹೇಳಿದರೆ ಸುಲಭ. ಕಾರು, ಲಾರಿಗಳ ಹೊಗೆಯಲ್ಲಿ ಸಾರಜನಕದ ಆಕ್ಸೈಡುಗಳಿವೆ. ಪೆಟ್ರೋಲು, ಬಣ್ಣ, ದ್ರಾವಕಗಳಿಂದ ಆವಿಯಾಗುವ ಹೈಡ್ರೋಕಾರ್ಬನ್‌ಗಳಿವೆ. ಇವೆರಡು ಸೇರಿದ್ದು ಹಾಲು ಎಂದುಕೊಳ್ಳಿ. ಬಿಸಿಲು ಹೆಪ್ಪು. ಹೆಪ್ಪು ಹಾಕಿದ ಕೂಡಲೇ ಮೊಸರಾಗುವುದಿಲ್ಲ, ಕೆಲವು ಗಂಟೆ ಬೇಕು. ಬೆಳಿಗ್ಗೆ ಸ್ಯಾನ್ ಹೋಸೆಯಲ್ಲಿ ಹಾಲು ಹಿಂಡುತ್ತಾರೆ. ಬಡಗಣ ಗಾಳಿ ಅದನ್ನು ಕಯೋಟಿ ಕಣಿವೆಯ ಕೊಳವೆಯೊಳಗೆ ತೂರಿಸಿ ತೆಂಕಣಕ್ಕೆ ಕಳಿಸುತ್ತದೆ. ಎರಡೂ ಕಡೆ ಬೆಟ್ಟ, ಮೇಲೆ ಮುಚ್ಚಳದ ಹಾಗೆ ಬಿಸಿಗಾಳಿಯ ಪದರ. ಮಧ್ಯಾಹ್ನದ ಹೊತ್ತಿಗೆ ಅದು ಮಾರ್ಗನ್ ಹಿಲ್‌ನಲ್ಲಿ ಗಟ್ಟಿ ಮೊಸರು! ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೆ? ನಾವು ಬಿಟ್ಟು ಬಂದ ಊರಿನ ಗಾಳಿ ನಮ್ಮ ಹಿಂದೆಯೇ ಬಂದಿತ್ತು.

ಈ ಗುಟ್ಟನ್ನು ಮೊದಲು ಬಿಡಿಸಿದ್ದು ನಮ್ಮ ಕ್ಯಾಲಿಫೋರ್ನಿಯಾದಲ್ಲೇ. 1943ರ ಜುಲೈನಲ್ಲಿ ಲಾಸ್ ಏಂಜಲೀಸ್ ನಗರವನ್ನು ಕಣ್ಣುರಿಸುವ ಮಂಕು ಕವಿದಾಗ ಜನ ಅದನ್ನು ಜಪಾನೀಯರ ವಿಷಾನಿಲದ ದಾಳಿ ಎಂದೇ ಹೆದರಿದ್ದರಂತೆ. ಅನಾನಸಿನ ಪರಿಮಳ ಯಾವುದರಿಂದ ಬರುತ್ತದೆ ಎಂದು ಕ್ಯಾಲ್ಟೆಕ್‌ನಲ್ಲಿ ಅಭ್ಯಾಸ ಮಾಡುತ್ತಿದ್ದ ಆರಿ ಹಾಗೆನ್-ಸ್ಮಿಟ್ ಎಂಬ ಡಚ್ ಮೂಲದ ರಸಾಯನಶಾಸ್ತ್ರಜ್ಞರು, ಅನಾನಸು ಬದಿಗಿಟ್ಟು ಊರಿನ ಗಾಳಿಯನ್ನೇ ಪರೀಕ್ಷೆಗೆ ತೆಗೆದುಕೊಂಡರು. ಕಾರಿನ ಹೊಗೆಯೂ ಬಿಸಿಲೂ ಸೇರಿ ಓಝೋನ್ ಆಗುತ್ತದೆ ಎಂದು 1950ರ ದಶಕದ ಮೊದಲಲ್ಲಿ ತೋರಿಸಿಕೊಟ್ಟರು. ಪೆಟ್ರೋಲ್ ಕಂಪನಿಗಳವರು ಒಪ್ಪಲಿಲ್ಲ. ಜಗಳ ವರ್ಷಗಟ್ಟಲೆ ನಡೆಯಿತು. ಕೊನೆಗೆ 1967ರಲ್ಲಿ ರಾಜ್ಯದ ಏರ್ ರಿಸೋರ್ಸಸ್ ಬೋರ್ಡ್ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದವರು ಇದೇ ಹಾಗೆನ್-ಸ್ಮಿಟ್. 1970ರ ಕ್ಲೀನ್ ಏರ್ ಆಕ್ಟ್, 1975ರ ಮಾಡೆಲ್ ಕಾರುಗಳಿಂದ ಬಂದ ಕೆಟಲಿಟಿಕ್ ಕನ್ವರ್ಟರ್, 1984ರಿಂದ ನಾವೆಲ್ಲ ಗೊಣಗುತ್ತಾ ಮಾಡಿಸುವ ಸ್ಮಾಗ್ ಚೆಕ್, ಇವೆಲ್ಲ ಅದರ ಹಿಂದಿನಿಂದ ಬಂದವು. ಕಾರುಗಳು ಎಷ್ಟೋ ಪಾಲು ಹೆಚ್ಚಿದರೂ ಇಲ್ಲಿನ ಗಾಳಿ 1970ರ ದಶಕಕ್ಕಿಂತ ಇಂದು ಬಹಳ ಶುಭ್ರ. ಇದು ತನ್ನಷ್ಟಕ್ಕೆ ಆದದ್ದಲ್ಲ ಎಂಬುದನ್ನು ನಾವು ಮರೆಯಬಾರದು.

ಸ್ಮಾಗ್ ಎಂದರೆ ಹೊಗೆಯೂ ಮಂಜೂ ಕೂಡಿದ್ದು. ನಮ್ಮ ಪತ್ರಿಕೆಗಳವರು ಇದಕ್ಕೆ 'ಹೊಂಜು' ಎಂಬ ಚೆಂದದ ಪದ ಮಾಡಿದ್ದಾರೆ. ಪದ ಚೆಂದ, ವಸ್ತು ಮಾತ್ರ ಚೆಂದವಲ್ಲ.

ಇನ್ನು ನಮ್ಮ ತಾಯಿಯ ವಿಷಯಕ್ಕೆ ಬರುತ್ತೇವೆ. ತಂದೆ ತೀರಿಕೊಂಡ ಮೇಲೆ ಅಮ್ಮ ದಾವಣಗೆರೆಯ ಮನೆಗೆ ಬೀಗ ಹಾಕಿ ಬೆಂಗಳೂರಿನಲ್ಲಿ ಅಣ್ಣನ ಮನೆ ಸೇರಿದರು. ಅಣ್ಣನ ಮನೆ ಔಟರ್ ರಿಂಗ್ ರೋಡಿಗೆ ಕೂಗಳತೆ. ಎರಡು ವರ್ಷದೊಳಗೆ ಅಮ್ಮನಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಚಳಿಗಾಲದಲ್ಲಿ ಗೊರಗೊರ. ಅಲ್ಲಿನ ವೈದ್ಯರು "ಅಸ್ತಮಾ, ಬೆಂಗಳೂರಿನ ಧೂಳು" ಎಂದು ಪಫ್ ಕೊಟ್ಟರು. ನಾವೂ ಫೋನಿನಲ್ಲಿ ತಲೆ ಆಡಿಸಿದೆವು. ನಂಬದಿರಲು ಕಾರಣವೂ ಇರಲಿಲ್ಲ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞರಾದ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ 20,000 ಮಕ್ಕಳ ಲೆಕ್ಕ ಇಟ್ಟಿದ್ದರು. 1979ರಲ್ಲಿ ಅಸ್ತಮಾ ಇದ್ದ ಮಕ್ಕಳು ಶೇಕಡಾ 9, 1999ರಲ್ಲಿ ಶೇಕಡಾ 29.5. ಪಿಂಚಣಿದಾರರ ಸ್ವರ್ಗ ಎನಿಸಿಕೊಂಡಿದ್ದ ಊರು ಇಪ್ಪತ್ತೇ ವರ್ಷಗಳಲ್ಲಿ ಹೀಗಾಗಿತ್ತು. ನಾವು ರಜಕ್ಕೆ ಹೋದಾಗಲೆಲ್ಲ ವಿಮಾನ ಇಳಿದ ಮೂರನೇ ದಿನ ನಮಗೇ ಗಂಟಲು ಕಟ್ಟುತ್ತಿತ್ತು. ಹಾಗಾಗಿ ತಪ್ಪಿತಸ್ಥ ಯಾರು ಎಂಬುದರಲ್ಲಿ ಅನುಮಾನವೇ ಬರಲಿಲ್ಲ. ಬೆಂಗಳೂರು!

"ಅಮ್ಮಾ, ಇಲ್ಲಿಗೆ ಬಂದುಬಿಡು. ಆರು ತಿಂಗಳು ನಮ್ಮ ಊರಿನ ಗಾಳಿ ಕುಡಿ, ನೋಡು ಹೇಗಾಗ್ತೀಯಾ" ಎಂದು ಒಂದೇ ಸಮ ಹೇಳಿ 2018ರ ಅಕ್ಟೋಬರಿನಲ್ಲಿ ಕರೆಸಿಕೊಂಡೆವು. ಅಮ್ಮನಿಗೆ ಆಗ ಎಪ್ಪತ್ತನಾಲ್ಕು.

ಮೊದಲ ಮೂರು ವಾರ ನಾವು ಹೇಳಿದ ಹಾಗೇ ಆಯಿತು. ಶ್ರೀಮತಿಯವರ ಜೊತೆ ಬೆಳಿಗ್ಗೆ ಸಂಜೆ ವಾಕಿಂಗ್, ಅಂಗಳದಲ್ಲಿ ಕೂತು ಹೂಬತ್ತಿ ಹೊಸೆಯುವುದು. ಒಂದು ಸಂಜೆ ಚಳಿ ಜಾಸ್ತಿಯಾಯಿತೆಂದು ನಾವು ದೊಡ್ಡ ಸಂಭ್ರಮದಿಂದ ಹಾಲ್‌ನ ಫೈರ್‌ಪ್ಲೇಸಿಗೆ ಸೌದೆ ಇಟ್ಟು ಬೆಂಕಿ ಹಚ್ಚಿದೆವು. ಅಮ್ಮ ಬಹಳ ಹೊತ್ತು ನೋಡಿ, "ದುಡ್ಡು ಕೊಟ್ಟು ಒಲಿ ಹಾಕಿಸ್ಕೊಂಡೀರಲ್ಲೋ!" ಎಂದರು. ಎಲ್ಲರೂ ನಕ್ಕೆವು. ಅಮ್ಮ ಸೆರಗು ಮೂಗಿಗೆ ಹಿಡಿದು ಎದ್ದು ಒಳಕೋಣೆಗೆ ಹೋದರು. ನಿದ್ದೆ ಬಂತೇನೋ ಎಂದುಕೊಂಡೆವು.

ನವೆಂಬರ್ 8ರ ಬೆಳಿಗ್ಗೆ ಇಲ್ಲಿಂದ ನೇರ ಗೆರೆ ಎಳೆದರೆ ಸುಮಾರು ನೂರೆಂಬತ್ತು ಮೈಲಿ ಉತ್ತರಕ್ಕಿರುವ ಬ್ಯೂಟ್ ಕೌಂಟಿಯಲ್ಲಿ ಕಾಡಿಗೆ ಬೆಂಕಿ ಬಿತ್ತು. ಕ್ಯಾಂಪ್ ಫೈರ್ ಎಂದು ಕರೆದ ಆ ಬೆಂಕಿ ಪ್ಯಾರಡೈಸ್ ಎಂಬ ಊರನ್ನು ಹೆಚ್ಚುಕಡಿಮೆ ಪೂರ್ತಿ ಸುಟ್ಟು ಎಂಬತ್ತೈದು ಜನರನ್ನು ಬಲಿ ತೆಗೆದುಕೊಂಡಿತು. ಅದರ ಹೊಗೆ ದಕ್ಷಿಣಕ್ಕೆ ಹರಿದು ಬೇ ಏರಿಯಾವನ್ನು ಸುಮಾರು ಎರಡು ವಾರ ಕವಿದು ಕೂತಿತು. ಗಾಳಿಯ ಗುಣಮಟ್ಟವನ್ನು ಅಳೆಯುವ ಎಕ್ಯೂಐ ಎಂಬ ಸೂಚ್ಯಂಕ 50ರೊಳಗಿದ್ದರೆ ಒಳ್ಳೆಯದು, 150 ದಾಟಿದರೆ ಎಲ್ಲರಿಗೂ ಕೆಟ್ಟದ್ದು. ಅದು ಹಲವು ಕಡೆ 200 ದಾಟಿತು. 16ನೇ ತಾರೀಕು ಶಾಲೆಗಳಿಗೆ ರಜ. ಅಂಗಡಿಗಳಲ್ಲಿ ಎನ್-95 ಮಾಸ್ಕ್ ಸಿಗದು. ನಮ್ಮಲ್ಲಿ ಆಗಬೇಕಿದ್ದ ಪಾಟ್‌ಲಕ್ ರದ್ದಾದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಅಮ್ಮ ಮುಚ್ಚಿದ ಕಿಟಕಿಯ ಹಿಂದೆ ಕೂತು ಕೆಂಪು ಬಿಲ್ಲೆಯಂಥ ಸೂರ್ಯನನ್ನು ನೋಡುತ್ತಿದ್ದರು. "ಯಾರ ಮನಿ ಒಲಿ ಇದು, ಇಷ್ಟೊಂದು ಹೊಗಿ?" ಎಂದು ಕೇಳಿದರು. ಹೇಳಿದೆವು. "ಪಾಪ" ಎಂದವರು ಮತ್ತೆ ಮಾತಾಡಲಿಲ್ಲ. ಹೊಗೆ ಕವಿದ ಒಂಬತ್ತನೆಯ ರಾತ್ರಿ ಅವರಿಗೆ ಮಲಗಲು ಆಗಲಿಲ್ಲ. ತುಟಿಯ ಬಣ್ಣ ನೋಡಿ ನಾವು ಬೇರೆ ಯೋಚನೆ ಮಾಡದೆ ಕಾರಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು.

ಎಮರ್ಜೆನ್ಸಿಯಲ್ಲಿ ಇಂಗ್ಲಿಷ್ ಬಾರದ ಅಮ್ಮನಿಗೂ ಅವರಿಗೂ ನಡುವೆ ದುಭಾಷಿಯಾಗಿ ನಿಂತೆವು. ಚಿಕ್ಕ ವಯಸ್ಸಿನ ಡಾಕ್ಟರು ನಾವೇ ಸಾವಿರ ಸಲ ಕೇಳಿರುವ ಪ್ರಶ್ನೆಗಳನ್ನು ಕೇಳಿದರು. ಸಿಗರೇಟು ಸೇದುತ್ತಾರೆಯೆ? ಇಲ್ಲ. ಹಿಂದೆ ಯಾವಾಗಲಾದರೂ? ಇಲ್ಲವೇ ಇಲ್ಲ. ಮನೆಯಲ್ಲಿ ಬೇರೆ ಯಾರಾದರೂ? ಇಲ್ಲ. ಅವರು 'ಅಸ್ತಮಾ, ಕಾಡ್ಗಿಚ್ಚಿನ ಹೊಗೆಯಿಂದ ಉಲ್ಬಣ' ಎಂದು ಬರೆದುಕೊಂಡು ಹೋದರು. ನಾವಾಗಿದ್ದರೂ ಅದನ್ನೇ ಬರೆಯುತ್ತಿದ್ದೆವು.

ಆಮೇಲೆ ನೆಬ್ಯುಲೈಸರ್ ಹಾಕಲು ಬಂದ ರೆಸ್ಪಿರೇಟರಿ ಥೆರಪಿಸ್ಟ್ ಮೆಕ್ಸಿಕೋ ಮೂಲದ ಹೆಂಗಸು. ಎಕ್ಸ್-ರೇ ಕಡೆ ನೋಡಿದರು, ಅಮ್ಮನ ಕೈ ನೋಡಿದರು. "ಇವರು ಅಡಿಗೆ ಯಾವುದರ ಮೇಲೆ ಮಾಡುತ್ತಿದ್ದರು, ಕೇಳಿ" ಎಂದರು.

ಕೇಳಿದೆವು.

"ಒಲಿ ಮ್ಯಾಲೆ. ಮತ್ತ್ಯಾತರ ಮ್ಯಾಲೆ?"

ಎಷ್ಟು ವರ್ಷ?

"ಹತ್ತು ವರ್ಷದಾಕಿ ಇದ್ದಾಗ ನಮ್ಮವ್ವ ರೊಟ್ಟಿ ಬಡಿಯಾಕೆ ಕುಂದ್ರಿಸಿದ್ಲು. ಗ್ಯಾಸ್ ಬಂದಿದ್ದು ನೀನು ಎಸ್ಸೆಲ್ಸಿ ಓದುವಾಗ. ಲೆಕ್ಕ ಹಾಕು."

ಮೂವತ್ತು ವರ್ಷ. ದಿನಕ್ಕೆ ಎಷ್ಟು ಹೊತ್ತು ಎಂದು ಆಕೆ ಕೇಳಿದರು. ಮುಂಜಾನೆ ಹನ್ನೆರಡು ಮಂದಿಗೆ ಜೋಳದ ರೊಟ್ಟಿ, ಪಲ್ಯ. ಸಂಜೆ ಮತ್ತೆ ಅಷ್ಟೇ. ನಡುವೆ ಹಂಡೆಯ ನೀರು. ಐದು ಗಂಟೆಗೆ ಕಡಿಮೆಯಿಲ್ಲ. ಉರುವಲು? ಹತ್ತಿ ಕಟ್ಟಿಗೆ, ಜಾಲಿ ಸೌದೆ, ಮಳೆಗಾಲದಲ್ಲಿ ಹಸಿ ಕುಳ್ಳು. ಹೊಗೆ ಹೋಗಲು ಗೂಡು? "ಒಂದು ಬೆಳಕಿಂಡಿ ಇತ್ತು. ಮಳಿ ಬಂದ್ರೆ ಅದ್ಕೂ ಗೋಣಿತಾಟು." ಕೆಮ್ಮು ಯಾವಾಗಿನಿಂದ? "ಆಗ್ಲಿಂದ್ಲೂ ಐತಿ. ಹೊಗಿ ಇದ್ದಲ್ಲಿ ಕೆಮ್ಮು ಇರ್ತೈತಿ. ಅದನ್ನೇನು ಡಾಕ್ಟರಿಗೆ ಹೇಳೋದು? ನಿನ್ನನ್ನೂ ತೊಡಿ ಮ್ಯಾಲೆ ಹಾಕ್ಕೊಂಡೇ ರೊಟ್ಟಿ ಬಡಿದೀನಿ."

ಇದನ್ನೆಲ್ಲ ನಾವು ಒಂದೊಂದು ವಾಕ್ಯವಾಗಿ ಇಂಗ್ಲಿಷಿಗೆ ತಿರುಗಿಸುತ್ತಾ ನಿಂತೆವು. ಅಮ್ಮ ಆಮ್ಲಜನಕದ ನಳಿಗೆ ಹಾಕಿಕೊಂಡೇ ಎರಡು ಅಂಗೈಯಿಂದ ಗಾಳಿಯಲ್ಲಿ ರೊಟ್ಟಿ ಬಡಿದು ತೋರಿಸಿದರು. ಆ ಹೆಂಗಸೂ ತಮ್ಮ ಅಂಗೈಗಳನ್ನು ಹಾಗೆಯೇ ತಟ್ಟಿ ತೋರಿಸಿದರು. ಅವರ ಅಜ್ಜಿಯೂ ಸೌದೆ ಒಲೆಯ ಮುಂದೆ ಕೂತು ಜೋಳದಂಥ ಹಿಟ್ಟಿನ ಟಾರ್ಟಿಯಾ ತಟ್ಟಿದವರಂತೆ. ಒಂದೂ ಸಿಗರೇಟು ಸೇದದೆ ಶ್ವಾಸಕೋಶದ ಕಾಯಿಲೆಯಿಂದ ಹೋದವರಂತೆ.

ನಾವು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ವೈದ್ಯ ವೃತ್ತಿ ಮಾಡಿದ್ದೆವು. ಹೆತ್ತ ತಾಯಿಗೆ ಆ ಒಂದು ಪ್ರಶ್ನೆ ಕೇಳಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಓದಿದ್ದೆವು, ಆ ರಾತ್ರಿ ಕಂಡೆವು.

ಮಳೆ ಬಂದದ್ದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ, ನವೆಂಬರ್ 21ಕ್ಕೆ. ಹೊಗೆ ತೊಳೆದು ಹೋಯಿತು. ಅಮ್ಮ ಮನೆಗೆ ಬಂದರು. ಡಿಸೆಂಬರಿನಲ್ಲಿ ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿಸಿದೆವು. ಅಮ್ಮನಿಗಿದ್ದದ್ದು ಬರೀ ಅಸ್ತಮಾ ಅಲ್ಲ, ಸಿಒಪಿಡಿ. ಸಾಮಾನ್ಯವಾಗಿ ಸಿಗರೇಟು ಸೇದುವವರಿಗೆ ಬರುತ್ತದೆ ಎಂದು ನಾವು ಪಾಠ ಕಲಿತ ಕಾಯಿಲೆ. ಶ್ವಾಸನಾಳಗಳು ಕಿರಿದಾಗಿ ಹೋಗಿರುತ್ತವೆ, ಔಷಧದಿಂದ ಪೂರ್ತಿ ಅಗಲವಾಗುವುದಿಲ್ಲ. ಬೆಂಗಳೂರಿನ ಧೂಳು ಸುಳ್ಳಲ್ಲ, ಪ್ಯಾರಡೈಸಿನ ಹೊಗೆಯೂ ಸುಳ್ಳಲ್ಲ. ಅವು ಮೂವತ್ತು ವರ್ಷದ ಗಾಯದ ಮೇಲೆ ಬಿದ್ದ ಬರೆಗಳು. ಮೊದಲೇ ತಿಳಿದಿದ್ದರೆ ಸರಿಯಾದ ಇನ್ಹೇಲರ್, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ, ಉಸಿರಾಟದ ವ್ಯಾಯಾಮ ಇವೆಲ್ಲ ಎಷ್ಟೋ ವರ್ಷ ಮುಂಚೆ ಶುರುವಾಗುತ್ತಿದ್ದವು. ಫೈರ್‌ಪ್ಲೇಸ್ ಮುಂದೆ ಕೂರಿಸುವ ಬುದ್ಧಿಯಂತೂ ನಮಗೆ ಬರುತ್ತಿರಲಿಲ್ಲ.

ನಮ್ಮನ್ನು ಹೆಚ್ಚು ಕಾಡಿದ್ದು ಇನ್ನೊಂದು ವಿಚಾರ. ಈ ಪ್ರಶ್ನೆ ನಮಗೆ ಗೊತ್ತಿಲ್ಲದ್ದೇನೂ ಆಗಿರಲಿಲ್ಲ. ದಾವಣಗೆರೆಯಲ್ಲಿ ಎಂ.ಬಿ.ಬಿ.ಎಸ್. ಓದುವಾಗ ಕಮ್ಯುನಿಟಿ ಮೆಡಿಸಿನ್ ಪೋಸ್ಟಿಂಗಿನಲ್ಲಿ ಮನೆಮನೆಗೆ ಹೋಗಿ ಒಂದು ಉದ್ದನೆಯ ಫಾರಂ ತುಂಬುತ್ತಿದ್ದೆವು. ಗೋಡೆ ಯಾವುದರದು, ನೀರು ಎಲ್ಲಿಂದ, ಉರುವಲು ಯಾವುದು, ಅಡಿಗೆಮನೆಗೆ ಹೊಗೆಗೂಡು ಇದೆಯೇ ಇಲ್ಲವೇ. ಗುರುಗಳು ಬೈಯುತ್ತಾರೆಂದು ತುಂಬುತ್ತಿದ್ದೆವೇ ಹೊರತು ಅದರಿಂದೇನು ಎಂದು ಯೋಚಿಸಿರಲಿಲ್ಲ. ಊರಿನ ಮಂಡಕ್ಕಿ ಭಟ್ಟಿಗಳ ಕಡೆಗೂ ಹೋಗಿದ್ದೇವೆ. ಭತ್ತದ ಹೊಟ್ಟು, ಎಷ್ಟೋ ಸಲ ಹಳೇ ಟೈರು ಉರಿಸುವ ಭಟ್ಟಿಗಳು. ಗೋಡೆ ಕಪ್ಪು, ಮರದ ಎಲೆ ಕಪ್ಪು, ಮಕ್ಕಳು ಮೂಗು ಒರೆಸಿಕೊಂಡರೆ ತೋಳು ಕಪ್ಪು. ಆ ಮಕ್ಕಳು ಓಪಿಡಿಗೆ ಬಂದರೆ ಕೆಂಪು ಕೆಮ್ಮಿನ ಔಷಧ ಬರೆದು ಕಳಿಸುತ್ತಿದ್ದೆವು. ಸಂಜೆ ಹಾಸ್ಟೆಲಿನವರೆಲ್ಲ ಸೇರಿ ಅದೇ ಮಂಡಕ್ಕಿಯನ್ನು ಮೆಣಸಿನಕಾಯಿ ಬಜ್ಜಿ ಜೊತೆ ತಿನ್ನುತ್ತಿದ್ದೆವು. ತಿಂದದ್ದು ತಪ್ಪೆಂದು ಹೇಳುತ್ತಿಲ್ಲ. ಭಟ್ಟಿಯವರಿಗೂ ಹೊಟ್ಟೆಪಾಡು ಇದೆ. ಆದರೆ ಅಗ್ಗದ ಮಂಡಕ್ಕಿಯ ಬೆಲೆಯ ಒಂದು ಭಾಗವನ್ನು ಆ ಮಕ್ಕಳ ಎದೆ ಕೊಡುತ್ತಿತ್ತು ಎಂದು ಆಗ ಹೊಳೆಯಲಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಶುರು ಮಾಡಿದ ಶುದ್ಧ ಗಾಳಿ ಯೋಜನೆಯಲ್ಲಿ ಗಾಳಿ ಸುಧಾರಿಸಬೇಕಾದ ಕರ್ನಾಟಕದ ಊರುಗಳು ನಾಲ್ಕು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ನಮ್ಮ ದಾವಣಗೆರೆ. ಆ ಪಟ್ಟಿ ನೋಡಿದಾಗ ಎಳೆ ಕೈಗಳ ಆ ಕಪ್ಪು ತೋಳುಗಳು ಕಣ್ಣ ಮುಂದೆ ಬಂದವು.

ಅಮೆರಿಕಕ್ಕೆ ಬಂದು ರೆಸಿಡೆನ್ಸಿ ಮಾಡುವಾಗ ಆ ಫಾರಂ ಹಿಂದೆ ಬಿತ್ತು. ಇಲ್ಲಿ ಕಲಿತದ್ದು 'ಪ್ಯಾಕ್-ಇಯರ್ಸ್': ದಿನಕ್ಕೆ ಎಷ್ಟು ಪ್ಯಾಕ್ ಸಿಗರೇಟು, ಎಷ್ಟು ವರ್ಷ, ಗುಣಿಸು. ಅಮ್ಮನ ಉತ್ತರ ಸೊನ್ನೆ. ಸೊನ್ನೆ ಬಂದ ಮೇಲೆ ಮುಂದಿನ ಪ್ರಶ್ನೆ ಇಲ್ಲ. ಮೆಕ್ಸಿಕೋದ ವೈದ್ಯರು ಮಾತ್ರ 1990ರ ದಶಕದಲ್ಲೇ ಇನ್ನೊಂದು ಲೆಕ್ಕ ಮಾಡಿದ್ದರು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಎಷ್ಟು ವರ್ಷ, ಗುಣಿಸು. 'ಗಂಟೆ-ವರ್ಷ'. ಐದು ಮೂವತ್ತಲಿ ನೂರೈವತ್ತು. ಇದು ಅಮ್ಮನ ಲೆಕ್ಕ.

ಓದುತ್ತಾ ಹೋದಂತೆ ಇನ್ನೊಂದು ವಿಷಯ ತಿಳಿದು ನಾಚಿಕೆಯಾಯಿತು. ನಮ್ಮ ಹೆಂಗಸರ ಒಲೆಯ ಹೊಗೆಯನ್ನು ಮೊದಮೊದಲು ಅಳೆದವರಲ್ಲಿ ಒಬ್ಬರು ನಮ್ಮ ಮನೆಯಿಂದ ಸುಮಾರು ಎಪ್ಪತ್ತು ಮೈಲಿ ದೂರದ ಬರ್ಕ್ಲಿಯಲ್ಲೇ ಪ್ರೊಫೆಸರ್ ಆಗಿದ್ದರು. ಅವರ ಹೆಸರು ಕರ್ಕ್ ಸ್ಮಿತ್. 1980ರ ದಶಕದ ಮೊದಲಲ್ಲಿ ಅವರು ಗುಜರಾತಿನ ಹಳ್ಳಿಗಳಲ್ಲಿ ಅಡಿಗೆ ಮಾಡುವ ಹೆಂಗಸರ ಮೈಗೆ ಅಳತೆಯ ಸಾಧನ ಕಟ್ಟಿ, ಅವರು ಉಸಿರಾಡುವ ಹೊಗೆಯನ್ನೇ ತೂಗಿದರು. ಮಲಿನ ಗಾಳಿ ಎಂದರೆ ನಗರದ ರಸ್ತೆ, ಕಾರ್ಖಾನೆಯ ಚಿಮಣಿ ಎಂದೇ ಎಲ್ಲರೂ ತಿಳಿದಿದ್ದ ಕಾಲ ಅದು. ಎಲ್ಲಕ್ಕಿಂತ ಕೆಟ್ಟ ಹೊಂಜು ಹಳ್ಳಿಯ ಅಡಿಗೆಮನೆಯಲ್ಲಿದೆ ಎಂದು ಅವರು ತೋರಿಸಿದರು. 2020ರಲ್ಲಿ ತೀರಿಕೊಂಡರು. ಇನ್ನೊಂದು ಕಡೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರು 1974ರಲ್ಲಿ ಕಟ್ಟಿದ 'ಅಸ್ತ್ರ' ಕೇಂದ್ರದವರು, ಕಡಿಮೆ ಸೌದೆ ಬೇಡುವ, ಹೊಗೆಯನ್ನು ಕೊಳವೆಯಲ್ಲಿ ಹೊರಕ್ಕೆ ಕಳಿಸುವ ಒಲೆಯನ್ನು ಮಾಡಿದರು. 'ಅಸ್ತ್ರ ಒಲೆ' ಎಂದು ರಾಜ್ಯದ ಎಷ್ಟೋ ಹಳ್ಳಿಗಳಿಗೆ ಹೋಯಿತು. ನಮ್ಮ ಮನೆಗೆ ಮಾತ್ರ ಬರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿಯೂ ಮನೆಯೊಳಗಿನ ಹೊಗೆಯಿಂದ ಸತ್ತವರು ಜಗತ್ತಿನಲ್ಲಿ 32 ಲಕ್ಷ ಮಂದಿ.

ಊರಿನ ಹೊಗೆ, ಮನೆಯ ಹೊಗೆ, ಕಾಡಿನ ಹೊಗೆ ಎಂದು ನಾವು ಬೇರೆ ಬೇರೆ ಹೆಸರಿಡುತ್ತೇವೆ. ಎದೆಗೆ ಆ ಭೇದ ಗೊತ್ತಿಲ್ಲ. ಎರಡೂವರೆ ಮೈಕ್ರಾನ್, ಎಂದರೆ ತಲೆಗೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಭಾಗಕ್ಕಿಂತ ಸಣ್ಣ ಕಣಗಳು ಮೂಗು, ಗಂಟಲು ದಾಟಿ ಶ್ವಾಸಕೋಶದ ತಳ ಮುಟ್ಟುತ್ತವೆ. ಕೆಲವು ರಕ್ತಕ್ಕೂ ಇಳಿದು ಹೃದಯಾಘಾತ, ಪಾರ್ಶ್ವವಾಯುಗಳಿಗೂ ದಾರಿ ಮಾಡುತ್ತವೆ. ಒಂದು ಘನ ಮೀಟರ್ ಗಾಳಿಯಲ್ಲಿ ಇವು ವರ್ಷದ ಸರಾಸರಿಯಲ್ಲಿ 5 ಮೈಕ್ರೋಗ್ರಾಂ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಅಮೆರಿಕ ತನ್ನ ಮಿತಿಯನ್ನು 2024ರಲ್ಲಿ 12ರಿಂದ 9ಕ್ಕೆ ಇಳಿಸಿತು. ಭಾರತ 2009ರಲ್ಲಿ ಇಟ್ಟುಕೊಂಡ ಮಿತಿ 40.

ಇಷ್ಟು ಬರೆದ ಮೇಲೆ ನಮ್ಮ ಹೊಗೆಯ ಲೆಕ್ಕವನ್ನೂ ಹೇಳದಿದ್ದರೆ ನ್ಯಾಯವಲ್ಲ. ಒಳ್ಳೆ ಗಾಳಿಗೆಂದು ಮಾರ್ಗನ್ ಹಿಲ್‌ಗೆ ಬಂದ ನಾವು ಅದೇ ಒಳ್ಳೆ ಗಾಳಿಯ ದೆಸೆಯಿಂದ ದಿನಾ ಹೋಗಿ ಬರುವುದಕ್ಕೆ ನಲವತ್ತು ಮೈಲಿ 101ರಲ್ಲಿ ಒಬ್ಬರೇ ಕಾರು ಓಡಿಸಿದೆವು. ಬೆಳಿಗ್ಗೆ ಸ್ಯಾನ್ ಹೋಸೆಯಲ್ಲಿ ಹಿಂಡಿದ ಹಾಲಿನಲ್ಲಿ ನಮ್ಮದೂ ಒಂದು ಸೌಟು ಇತ್ತು. ಮಧ್ಯಾಹ್ನ ಅದು ಮೊಸರಾಗಿ ಸಾಕರ್ ಆಡುವ ನಮ್ಮ ಮಗನ ಎದೆಗೇ ಇಳಿಯಿತು. ಬೆಂಗಳೂರನ್ನು ಬೈಯುವಾಗ, ರಜಕ್ಕೆ ಹೋದ ನಾಲ್ಕು ವಾರವೂ ಬಾಡಿಗೆ ಡೀಸೆಲ್ ಕಾರಿನಲ್ಲಿ ಊರೆಲ್ಲ ಸುತ್ತಿದ್ದು ನೆನಪಾಗಲಿಲ್ಲ. ಹೊಗೆ ಯಾವಾಗಲೂ ಇನ್ನೊಬ್ಬರ ಮನೆಯದು ಎಂದು ನಾವು ನಂಬಿದ್ದೆವು.

ಈಗ ಏನು ಮಾಡುತ್ತಿದ್ದೇವೆ? ಫೈರ್‌ಪ್ಲೇಸಿನಲ್ಲಿ ಸೌದೆ ಇಲ್ಲ, ಮೂರು ಮನಿಪ್ಲಾಂಟ್ ಕುಂಡಗಳಿವೆ. ಮನೆಯ ಹೀಟರ್-ಏಸಿಗೆ ಮರ್ವ್ 13 ದರ್ಜೆಯ ಫಿಲ್ಟರ್ ಹಾಕಿದ್ದೇವೆ. ಒಗ್ಗರಣೆ ಹಾಕುವ ಮೊದಲು ಒಲೆಯ ಮೇಲಿನ ಫ್ಯಾನ್ ಹಾಕುತ್ತೇವೆ (ಪಾಟ್‌ಲಕ್ ದಿನ ಮರೆತದ್ದು ನಿಜ!). ಆ ಫ್ಯಾನ್ ಗಾಳಿಯನ್ನು ಹೊರಗೆ ಕಳಿಸುತ್ತದೆಯೋ ಅಥವಾ ಸುತ್ತಿಸಿ ನಿಮ್ಮ ಮುಖಕ್ಕೇ ಬಿಡುತ್ತದೆಯೋ, ಇವತ್ತೇ ಒಮ್ಮೆ ನೋಡಿಕೊಳ್ಳಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಊದುಬತ್ತಿ, ಲೋಬಾನ ಬೇಡ. ದೇವರು ಕಿಟಕಿ ತೆಗೆದರೂ ಒಲಿಯುತ್ತಾನೆ. ಏರ್ ಡಿಸ್ಟ್ರಿಕ್ಟಿನವರು 1991ರಿಂದ ಕೊಡುತ್ತಿರುವ 'ಸ್ಪೇರ್ ದಿ ಏರ್' ಎಚ್ಚರಿಕೆ ಬಂದ ದಿನ ಕಾರು ಕಡಿಮೆ ಮಾಡಿ, ಮಕ್ಕಳ ಆಟವನ್ನು ಬೆಳಗಿನ ಹೊತ್ತಿಗೆ ತಳ್ಳಿ. ಕೂಟದ ಕಾರ್ಯಕ್ರಮಕ್ಕೆ ಒಂದೇ ಬೀದಿಯಿಂದ ನಾಲ್ಕು ಕಾರು ಬರುವ ಪದ್ಧತಿಯನ್ನು ಬಿಟ್ಟರೆ ಪಾರ್ಕಿಂಗ್ ಸಮಿತಿಯವರೂ ನಿಮ್ಮನ್ನು ಹರಸುತ್ತಾರೆ.

ಕ್ಲಿನಿಕ್ಕಿನಲ್ಲಿ ಹೊಸ ರೋಗಿಗಳು ತುಂಬುವ ಫಾರಂಗೆ ಒಂದು ಸಾಲು ಸೇರಿಸಿದ್ದೇವೆ: 'ಸೌದೆ, ಬೆರಣಿ, ಇದ್ದಿಲಿನ ಒಲೆಯಲ್ಲಿ ಅಡಿಗೆ ಮಾಡಿದ್ದುಂಟೆ? ಎಷ್ಟು ವರ್ಷ?' ಪಂಜಾಬಿನ ಅಜ್ಜಿಯರು, ವಿಯೆಟ್ನಾಮಿನ ಅಜ್ಜಿಯರು, ಮೆಕ್ಸಿಕೋದ ಅಜ್ಜಿಯರು ಆ ಸಾಲಿಗೆ ಬಂದಾಗ ಸ್ವಲ್ಪ ನಿಲ್ಲುತ್ತಾರೆ, ಯಾಕೆ ಕೇಳುತ್ತೀರಿ ಎನ್ನುತ್ತಾರೆ. ಆಮೇಲೆ ಹೇಳಲು ಶುರು ಮಾಡಿದರೆ ಅಪಾಯಿಂಟ್‌ಮೆಂಟಿನ ಹದಿನೈದು ನಿಮಿಷ ಸಾಲುವುದಿಲ್ಲ.

ಅಮ್ಮ 2019ರ ಬೇಸಿಗೆಯಲ್ಲಿ ಬೆಂಗಳೂರಿಗೆ ಹಿಂತಿರುಗಿದರು. "ಇಲ್ಲಿ ಹೊಗಿ, ಅಲ್ಲೂ ಹೊಗಿ. ಅಲ್ಲಾದ್ರೆ ಮಾತಾಡಾಕೆ ಜನ ಐತೆ" ಎಂಬುದು ಅವರ ತೀರ್ಪು. 2020ರ ಆಗಸ್ಟಿನಲ್ಲಿ ಸಿಡಿಲು ಬಡಿದು ನಮ್ಮ ಪೂರ್ವದ ಬೆಟ್ಟಗಳ ಹಿಂದೆಯೇ ನಾಲ್ಕು ಲಕ್ಷ ಎಕರೆಯಷ್ಟು ಉರಿದಾಗ, ಸೆಪ್ಟೆಂಬರ್ 9ರಂದು ಬೇ ಏರಿಯಾದ ಆಕಾಶ ಹಗಲಲ್ಲೇ ಕಿತ್ತಳೆಯಾದಾಗ, ವಿಡಿಯೋದಲ್ಲಿ ತೋರಿಸಿದೆವು. ಅಮ್ಮ ತಮ್ಮ ಫೋನ್ ಕಿಟಕಿಗೆ ತಿರುಗಿಸಿ ಮಳೆ ತೊಳೆದ ಬೆಂಗಳೂರಿನ ಆಕಾಶ ತೋರಿಸಿದರು. "ಬಂದುಬಿಡು, ಇಲ್ಲಿ ಗಾಳಿ ಚೆನ್ನಾಗೈತಿ" ಎಂದರು. ನಮ್ಮ ಮಾತನ್ನೇ ನಮಗೆ ವಾಪಸು ಕೊಟ್ಟಿದ್ದು ಅವರಿಗೆ ಗೊತ್ತಿತ್ತು. ಕೆಮ್ಮು ಬರುವವರೆಗೂ ನಕ್ಕರು.

ಈಗ ಅವರಿಗೆ ಎಂಬತ್ತು ದಾಟಿದೆ. ದಿನಕ್ಕೆ ಎರಡು ಸಲ ಇನ್ಹೇಲರ್, ಸಂಜೆ ಮಹಡಿಯ ಮೇಲೆ ನಿಧಾನವಾಗಿ ನಾಲ್ಕು ಸುತ್ತು. ಹಳ್ಳಿಯಲ್ಲಿ ತಮ್ಮನ ಸೊಸೆಗೆ ಉಜ್ವಲ ಯೋಜನೆಯ ಗ್ಯಾಸ್ ಬಂದಿದೆ, ಆದರೆ ಸಿಲಿಂಡರ್ ಮುಗಿದರೆ ಮತ್ತೆ ತುಂಬಿಸಲು ದುಡ್ಡಿನ ತಾಪತ್ರಯ, ಆಗ ಒಲೆಯೇ ಗತಿ. ಅಮ್ಮ ತಮ್ಮ ಪಿಂಚಣಿಯಿಂದ ಆ ಸಿಲಿಂಡರ್ ತುಂಬಿಸುತ್ತಾರೆ. ನಾವು ಕಳಿಸುತ್ತೇವೆಂದರೆ, "ಇದು ನನ್ನ ಲೆಕ್ಕ" ಎನ್ನುತ್ತಾರೆ. ತಿಂಗಳಿಗೊಮ್ಮೆ ಫೋನ್ ಮಾಡಿ, "ರೊಟ್ಟಿ ಯಾತರ ಮ್ಯಾಲೆ ಬಡದಿ ಇವತ್ತು?" ಎಂದು ಆ ಹುಡುಗಿಯನ್ನು ವಿಚಾರಿಸಿಕೊಳ್ಳುತ್ತಾರೆ.

ಓದುಗ ಬಂಧುಗಳಲ್ಲಿ ನಮ್ಮದೊಂದೇ ಕೋರಿಕೆ. ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಬಿ.ಪಿ., ಶುಗರ್ ಎಷ್ಟಿದೆ ಎಂದು ಕೇಳುವ ಜೊತೆಗೆ ಅಮ್ಮನನ್ನೋ ಅತ್ತೆಯವರನ್ನೋ ಒಲೆಯ ಮುಂದೆ ಎಷ್ಟು ವರ್ಷ ಕೂತಿದ್ದಿರಿ ಎಂದೂ ಕೇಳಿ. ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು, ಅವರು ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಕೈಯಲ್ಲಿ ಕೊಟ್ಟು ಕಳಿಸಿ. ಕೆಮ್ಮು ಹಳೆಯದಾಗಿದ್ದರೆ ಸ್ಪೈರೋಮೆಟ್ರಿ ಮಾಡಿಸಲು ಹೇಳಿ. ನಾವು ಕೇಳದೆ ಕಳೆದ ವರ್ಷಗಳನ್ನು ನೀವು ಕಳೆಯುವುದು ಬೇಡ.

ಮತ್ತೆ ಭೇಟಿಯಾಗೋಣ. ಮುಂದಿನ ಪಾಟ್‌ಲಕ್ಕಿಗೂ ನಮ್ಮ ಮನೆಯಿಂದ ಮಂಡಕ್ಕಿ ಒಗ್ಗರಣೆಯೇ. ಫ್ಯಾನ್ ಹಾಕಿಯೇ ಮಾಡುತ್ತೇವೆ.